ಗೇರ್ ಇಳಿಸುವ ವಿದ್ಯೆಯ ಹಿಂದಿನ ಕಥೆ

ಪುಣೆಯಿಂದ ಮುಂಬೈಗೆ ಬರುವಾಗ ಖಂಡಾಲ ದಾಟಿ ಬೋರ್ ಘಾಟ್ ಇಳಿಯತೊಡಗಿದೊಡನೆ ಒಮ್ಮೆ ಕಿವಿಗೊಟ್ಟು ಕೇಳಿ. ಮುಂದಿರುವ ಲಾರಿಯ ಎಂಜಿನ್ ದನಿ ಇದ್ದಕ್ಕಿದ್ದಂತೆ ಏರುತ್ತದೆ, ಲಾರಿಯ ವೇಗ ಮಾತ್ರ ಇಳಿಯುತ್ತದೆ. ಡ್ರೈವರ್ ಗೇರ್ ಇಳಿಸಿದ್ದಾನೆ ಅಂತ ಅರ್ಥ. ಪಕ್ಕದಲ್ಲಿ ಕೂತವರಿಗೆ ಅದು ಗೊತ್ತೇ ಆಗದಿದ್ದರೆ ಪಳಗಿದ ಕೈ. ಎಲ್ಲರ ಕುತ್ತಿಗೆ ಮುಂದಕ್ಕೆ ಜಗ್ಗಿದರೆ ಪಾಪ, ಇನ್ನೂ ಕಲಿಯುತ್ತಿದ್ದಾನೆ.

ಈ ವಿದ್ಯೆಯ ಚರಿತ್ರೆ ಒಬ್ಬ ಗೃಹಿಣಿಯಿಂದ ಶುರುವಾಗುತ್ತದೆ ಎಂದರೆ ತಪ್ಪಾಗದು. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್ ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಅವನೇ ತಯಾರಿಸಿದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ದಾರಿ ಸುಮಾರು 100 ಕಿಲೋಮೀಟರ್. ಏರು ಬಂದಾಗ ಗಾಡಿ ಹತ್ತದೆ ಮಕ್ಕಳು ಇಳಿದು ತಳ್ಳಬೇಕಾಯಿತು. ಇಳಿಜಾರಿನಲ್ಲಿ ಮರದ ಬ್ರೇಕು ಸವೆದುಹೋಗಿ, ದಾರಿಯಲ್ಲಿ ಸಿಕ್ಕ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ಮನೆಗೆ ಬಂದವಳು ಗಂಡನಿಗೆ ಹೇಳಿದ್ದು: ಏರಿಗೆ ಇನ್ನೊಂದು ಗೇರ್ ಬೇಕು. ಏರಿಗೂ ಇಳಿಜಾರಿಗೂ ಮದ್ದು ಒಂದೇ, ಅದು ಕೆಳಗಿನ ಗೇರ್ ಎಂಬುದು ಡ್ರೈವರುಗಳಿಗೆ ಅರ್ಥವಾಗುವುದಕ್ಕೆ ಆಮೇಲೆ ಇನ್ನಷ್ಟು ಕಾಲ ಹಿಡಿಯಿತು.

ಇಂದಿನ ಗೇರ್‌ಬಾಕ್ಸಿನ ಮೂಲಪುರುಷ ಫ್ರಾನ್ಸಿನ ಎಮಿಲ್ ಲೆವಾಸೋರ್. 1890ರ ದಶಕದ ಆರಂಭದಲ್ಲಿ ಪನಾರ್ ಕಂಪನಿಯ ಗಾಡಿಗಳಲ್ಲಿ ಆತ ಜಾರುವ ಹಲ್ಲುಚಕ್ರಗಳನ್ನು ತಂದ. ಸನ್ನೆಗೋಲು ಎಳೆದರೆ ಒಂದು ಚಕ್ರ ಜಾರಿ ಬಂದು ಇನ್ನೊಂದಕ್ಕೆ ಹಲ್ಲು ಕೊಡುತ್ತಿತ್ತು. ವಿಧಾನ ಒರಟೇ ಸರಿ, ಆದರೆ ಕೆಲಸ ನಡೆಯುತ್ತದೆ ಎಂದು ಅವನೇ ಹೇಳಿದ್ದನಂತೆ. ಒರಟು ಹೌದು. ಎರಡು ಚಕ್ರಗಳ ವೇಗ ಹೊಂದದಿದ್ದರೆ ಕರಕರ ಸದ್ದು, ಮುರಿದ ಹಲ್ಲು.

ಇಲ್ಲಿ ಸ್ವಲ್ಪ ಲೆಕ್ಕ. ನಾಲ್ಕನೇ ಗೇರಿನಲ್ಲಿ ಎಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುತ್ತಿದೆ ಎನ್ನಿ. ಗಾಡಿಯ ವೇಗ ಬದಲಾಗದೆ ಮೂರಕ್ಕೆ ಇಳಿದರೆ ಅದೇ ಎಂಜಿನ್ 2800ರಷ್ಟು ತಿರುಗಬೇಕು. ನಡುವಿನ ಆ 800 ಸುತ್ತನ್ನು ಯಾರು ಕೊಡಬೇಕು? ಡ್ರೈವರ್ ಕೊಡದಿದ್ದರೆ ಗಾಲಿಗಳು ಎಳೆದು ಕೊಡುತ್ತವೆ, ಅದೇ ನಾವು ಅನುಭವಿಸುವ ಜಗ್ಗು. ಹಳೆಯ ಕಾಲದವರು ಅದಕ್ಕೇ ಡಬಲ್ ಕ್ಲಚ್ ಕಲಿತರು. ಕ್ಲಚ್ ಒತ್ತಿ ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಡುವುದು, ಎಕ್ಸಿಲರೇಟರ್ ಒಮ್ಮೆ ತುಳಿದು ಎಂಜಿನ್ ಏರಿಸುವುದು, ಮತ್ತೆ ಕ್ಲಚ್ ಒತ್ತಿ ಕೆಳಗಿನ ಗೇರ್ ಹಾಕುವುದು. ಮೀಟರ್ ನೋಡಿ ಕಲಿಯುವ ಕೆಲಸ ಅದಲ್ಲ, ಕಿವಿಯಿಂದಲೇ ಕಲಿಯಬೇಕು. ರೇಡಿಯೋ ಕೇಳುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ರಗಳೆಯೇ ಬೇಡವೆಂದು ಹೆನ್ರಿ ಫೋರ್ಡ್ 1908ರ ಮಾಡೆಲ್ ಟಿ ಕಾರಿಗೆ ಕಾಲಿನ ಪೆಡಲಿನಿಂದಲೇ ಬದಲಾಗುವ ಬೇರೆ ಬಗೆಯ ಗೇರ್ ಇಟ್ಟ. ಉಳಿದವರಿಗೆ ಬಿಡುಗಡೆ ಸಿಕ್ಕಿದ್ದು 1928ರಲ್ಲಿ. ಅಮೆರಿಕದ ಅರ್ಲ್ ಥಾಂಪ್ಸನ್ ಕಂಡುಹಿಡಿದ ಸಿಂಕ್ರೋಮೆಶ್ ಆ ವರ್ಷ ಕ್ಯಾಡಿಲಾಕ್ ಕಾರುಗಳಿಗೆ ಬಂತು. ಹಲ್ಲುಗಳು ಕೂಡುವ ಮೊದಲು ಎರಡು ಶಂಕುಗಳು ಒಂದಕ್ಕೊಂದು ಉಜ್ಜಿ ವೇಗ ಸರಿಮಾಡಿಕೊಳ್ಳುವ ಉಪಾಯ ಅದು. ಆದರೆ ಒಂದು ಮಾತು. ಸಿಂಕ್ರೋಮೆಶ್ ಸರಿಮಾಡುವುದು ಗೇರ್‌ಬಾಕ್ಸಿನೊಳಗಿನ ವೇಗವನ್ನಷ್ಟೆ. ಕ್ಲಚ್‌ನ ಆಚೆಗಿರುವ ಎಂಜಿನ್ನಿನ ವೇಗ ನಮ್ಮ ಬಲಗಾಲಿನದೇ ಜವಾಬ್ದಾರಿ. ಸದ್ದು ಹೋಯಿತೇ ಹೊರತು ಜಗ್ಗು ಹೋಗಲಿಲ್ಲ.

ನಮ್ಮ ಅಂಬಾಸಿಡರ್, ಫಿಯಟ್‌ಗಳ ಹಳೆಯ ಮಾದರಿಗಳಲ್ಲಿ ಗೇರ್ ಸನ್ನೆ ಸ್ಟೀರಿಂಗ್ ಕಂಬಕ್ಕೇ ಇತ್ತು, ಮೊದಲ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲ. ಕುರ್ಲಾದ ಕಾರ್ಖಾನೆಯಲ್ಲಿ ತಯಾರಾಗಿ, ಆಮೇಲೆ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಪಡೆದ ಆ ಫಿಯಟ್ಟೇ ಮುಂಬೈಯ ಕಾಲಿಪೀಲಿ ಟ್ಯಾಕ್ಸಿ. ಮಳೆಗಾಲದ ಟ್ರಾಫಿಕ್ಕಿನಲ್ಲಿ, ಗಾಡಿ ನಿಲ್ಲದೆಯೇ ಎರಡರಿಂದ ಒಂದಕ್ಕೆ ಸದ್ದಿಲ್ಲದೆ ಇಳಿಸುತ್ತಿದ್ದ ಟ್ಯಾಕ್ಸಿಯವರನ್ನು ಸಂಗೀತಗಾರರ ಸಾಲಿನಲ್ಲಿ ಕೂರಿಸಬೇಕೆಂದು ನನಗೆ ಅನಿಸುತ್ತದೆ. ಡಿಸೆಂಬರ್ 1983ರಲ್ಲಿ ಮಾರುತಿ 800 ಬಂತು, ಗೇರ್ ನೆಲಕ್ಕಿಳಿಯಿತು, ಮುಂದಕ್ಕೆ ಹೋಗುವ ಎಲ್ಲ ಗೇರಿಗೂ ಸಿಂಕ್ರೋಮೆಶ್ ಸಿಕ್ಕಿತು. ಕೊನೆಯ ಪದ್ಮಿನಿ ಟ್ಯಾಕ್ಸಿಗಳು ಮುಂಬೈಯ ರಸ್ತೆ ಬಿಟ್ಟದ್ದು 2023ರ ಅಕ್ಟೋಬರಿನಲ್ಲಿ.

ಇಷ್ಟೆಲ್ಲ ಯಾಕೆ, ಬ್ರೇಕ್ ಇಲ್ಲವೇ ಎನ್ನುತ್ತೀರಿ. ಘಾಟಿಯಲ್ಲಿ ಒಂದು ಟನ್ ತೂಕದ ಕಾರು 500 ಮೀಟರ್ ಕೆಳಗಿಳಿದರೆ ಹುಟ್ಟುವ ಶಾಖದಿಂದ ಸುಮಾರು 16 ಲೀಟರ್ ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಅಷ್ಟನ್ನೂ ಬ್ರೇಕೇ ನುಂಗಬೇಕೆಂದರೆ ಅದು ಕಾದು ಹಿಡಿತ ಬಿಡುತ್ತದೆ. ಆಗ ಪೆಡಲ್ ಎಷ್ಟು ತುಳಿದರೂ ಗಾಡಿ ನಿಲ್ಲದು. ಕೆಳಗಿನ ಗೇರಿನಲ್ಲಿದ್ದರೆ ಆ ಭಾರದ ದೊಡ್ಡ ಪಾಲನ್ನು ಎಂಜಿನ್ ಹೊರುತ್ತದೆ. ಆಗುಂಬೆಯಲ್ಲಿ, ಚಾರ್ಮಾಡಿಯಲ್ಲಿ ಬಸ್ಸು ಓಡಿಸಿದ ಹಿರಿಯರ ಲೆಕ್ಕ ಸರಳ: ಯಾವ ಗೇರಿನಲ್ಲಿ ಹತ್ತಿದೆಯೋ ಅದರಲ್ಲೇ ಇಳಿ. ಪೆಟ್ರೋಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಇಳಿಯುವವರು ಉಳಿಸುವುದೂ ಏನಿಲ್ಲ. ಇಂದಿನ ಇಂಜೆಕ್ಷನ್ ಎಂಜಿನ್‌ಗಳು ಗೇರಿನಲ್ಲಿದ್ದು ಎಕ್ಸಿಲರೇಟರ್ ಬಿಟ್ಟಾಗ ಇಂಧನವನ್ನೇ ನಿಲ್ಲಿಸುತ್ತವೆ. ನ್ಯೂಟ್ರಲ್‌ನಲ್ಲಾದರೋ ಎಂಜಿನ್ ಆರದಂತೆ ಒಂದಿಷ್ಟು ಸುಡುತ್ತಲೇ ಇರಬೇಕು.

ಕಲಿಯಬೇಕೆಂದಿದ್ದರೆ ಭಾನುವಾರ ಬೆಳಗ್ಗೆ ಖಾಲಿ ರಸ್ತೆಗೆ ಹೋಗಿ. ಮೊದಲು ಬ್ರೇಕಿನಿಂದ ವೇಗ ತಗ್ಗಿಸಿ. ಕ್ಲಚ್ ಒತ್ತಿ ಗೇರ್ ಇಳಿಸಿ, ಎಕ್ಸಿಲರೇಟರನ್ನು ಚೂರು ಮುಟ್ಟಿ, ದನಿ ಏರಿದಾಗ ಕ್ಲಚ್ ಬಿಡಿ. ಒಂದೊಂದೇ ಗೇರ್ ಸಾಕು. ಮತ್ತೆ ಆ ಹೊತ್ತಿಗೆ, ನಾವೇ ಹೇಳಬಾರದು, ಆದರೂ ರೇಡಿಯೋ ಆರಿಸಿಡಿ.