ಉಪ್ಪು ಮತ್ತು ರಕ್ತದೊತ್ತಡ: ಒಂದು ಸಂಶಯ ಸಾಬೀತಾದ ಬಗೆ

ವಯಸ್ಸಾದವರ ರಕ್ತದೊತ್ತಡ ಏರಿದಾಗ ವೈದ್ಯರು ಸಾಮಾನ್ಯವಾಗಿ ಹೇಳುವ ಮಾತು ‘ಉಪ್ಪು ಕಡಿಮೆ ಮಾಡಿ’ ಎಂಬುದು. ಈ ಸರಳ ಸಲಹೆಯ ಹಿಂದೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಉಪ್ಪಿನ ಮೇಲೆ ಸಂಶಯ ಬೇಗನೆ ಹುಟ್ಟಿತು. ಅದು ಸಾಬೀತಾಗಲು ಮಾತ್ರ ಬಹುಕಾಲ ಬೇಕಾಯಿತು. ಇತರ ಅಂಶಗಳನ್ನು ಸ್ಥಿರವಾಗಿರಿಸಿ ಒಂದನ್ನು ಮಾತ್ರ ಬದಲಿಸಬೇಕೆಂದು ನಾವು ಪ್ರಯೋಗಶಾಲೆಯಲ್ಲಿ ಕಲಿಸುತ್ತೇವೆ. ಮನುಷ್ಯನ ಊಟದಲ್ಲಿ ಈ ನಿಯಮವನ್ನು ಪಾಲಿಸುವುದು ಸುಲಭವಲ್ಲ.

ಮೊದಲು ಅಳತೆ

ಅಳೆಯಲಾಗದ್ದನ್ನು ಹೋಲಿಸಲಾಗದು. ರಕ್ತದೊತ್ತಡವನ್ನು ಮೊದಲು ಅಳೆದವನು ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುದುರೆಯೊಂದರ ಧಮನಿಗೆ ಗಾಜಿನ ಕೊಳವೆ ಜೋಡಿಸಿದಾಗ ರಕ್ತ 8 ಅಡಿ 3 ಅಂಗುಲ ಎತ್ತರಕ್ಕೆ ಏರಿತೆಂದು ಆತ 1733ರಲ್ಲಿ ಪ್ರಕಟಿಸಿದ. ಪಾದರಸದ ಸಾಂದ್ರತೆ ರಕ್ತದ ಸುಮಾರು 13 ಪಟ್ಟು. ಹೀಗಾಗಿ ಅದೇ ಒತ್ತಡ ಪಾದರಸದಲ್ಲಿ ಸುಮಾರು 190 ಮಿ.ಮೀ. ಎತ್ತರವಷ್ಟೇ. 1896ರಲ್ಲಿ ಇಟಲಿಯ ರಿವಾ-ರೋಚಿ ತೋಳಿಗೆ ಸುತ್ತುವ ಗಾಳಿಪಟ್ಟಿಯ ಉಪಕರಣವನ್ನು ರೂಪಿಸಿದ. 1905ರಲ್ಲಿ ರಷ್ಯಾದ ಕೊರೊಟ್ಕಾಫ್ ಸ್ಟೆತಾಸ್ಕೋಪಿನಿಂದ ಧಮನಿಯ ಶಬ್ದ ಕೇಳಿ, ಸಂಕೋಚನ ಮತ್ತು ವ್ಯಾಕೋಚನ ಒತ್ತಡಗಳೆರಡನ್ನೂ ಗುರುತಿಸುವ ವಿಧಾನ ತಿಳಿಸಿದ.

ಈ ನಡುವೆ, 1904ರಲ್ಲಿ, ಪ್ಯಾರಿಸ್ಸಿನ ಆಂಬಾರ್ ಮತ್ತು ಬೋಜಾರ್ ಎಂಬ ವೈದ್ಯರು ಉಪ್ಪು ಕಡಿಮೆಯಾದಾಗ ರೋಗಿಗಳ ಒತ್ತಡ ಇಳಿಯುವುದನ್ನು ಗಮನಿಸಿದ್ದರು. ಸಂಶಯದ ಬೀಜ ಬಿದ್ದದ್ದು ಹೀಗೆ.

ಅನ್ನದ ಪಥ್ಯ

ಹಿಟ್ಲರನ ಜರ್ಮನಿಯನ್ನು ತೊರೆದು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯ ಸೇರಿದ ವಾಲ್ಟರ್ ಕೆಂಪ್ನರ್, 1940ರ ದಶಕದಲ್ಲಿ ತೀವ್ರ ರಕ್ತದೊತ್ತಡದ ರೋಗಿಗಳಿಗೆ ಅನ್ನ, ಹಣ್ಣು, ಹಣ್ಣಿನ ರಸ ಮತ್ತು ಸಕ್ಕರೆಯ ಪಥ್ಯ ವಿಧಿಸಿದ. ಉಪ್ಪು ಸೇರಿಸುವಂತಿರಲಿಲ್ಲ. ಪರಿಣಾಮಕಾರಿ ಔಷಧಗಳು ಆಗ ಇರಲಿಲ್ಲವಾದ್ದರಿಂದ ಫಲಿತಾಂಶ ಬೆರಗು ಹುಟ್ಟಿಸಿತು. ಅನೇಕರ ಒತ್ತಡ ಇಳಿಯಿತು, ಹಿಗ್ಗಿದ್ದ ಹೃದಯ ಕುಗ್ಗಿತು, ಕಣ್ಣಿನ ಅಕ್ಷಿಪಟದ ಹಾನಿಯೂ ಕಡಿಮೆಯಾಯಿತು.

ಆದರೆ ಕಾರಣ ಯಾವುದು? ಈ ಪಥ್ಯದಲ್ಲಿ ಸೋಡಿಯಂ ಜೊತೆಗೆ ಪ್ರೋಟೀನ್ ಮತ್ತು ಕೊಬ್ಬು ಕೂಡ ತೀರಾ ಕಡಿಮೆ. ಹಣ್ಣಿನಿಂದ ಪೊಟ್ಯಾಸಿಯಂ ದೊರೆಯುತ್ತಿತ್ತು, ದೇಹದ ತೂಕವೂ ಇಳಿಯುತ್ತಿತ್ತು. ಹಲವು ಚರಗಳು ಒಟ್ಟಿಗೆ ಬದಲಾಗಿದ್ದವು. ಹೋಲಿಕೆಗೆ ಬೇರೊಂದು ಗುಂಪೂ ಇರಲಿಲ್ಲ.

1988ರಲ್ಲಿ ಪ್ರಕಟವಾದ ‘ಇಂಟರ್‌ಸಾಲ್ಟ್’ ಅಧ್ಯಯನ ಬೇರೆ ದಾರಿ ಹಿಡಿಯಿತು. 32 ದೇಶಗಳ 52 ಕೇಂದ್ರಗಳಲ್ಲಿ 10,079 ಜನರ 24 ಗಂಟೆಗಳ ಮೂತ್ರವನ್ನು ಸಂಗ್ರಹಿಸಿ ಸೋಡಿಯಂ ಅಳೆಯಲಾಯಿತು. ನಮ್ಮ ದೆಹಲಿ ಮತ್ತು ಲಡಾಖ್ ಕೂಡ ಅದರಲ್ಲಿದ್ದವು. ಉಪ್ಪನ್ನು ಬಹುತೇಕ ಬಳಸದ ಬ್ರೆಜಿಲ್‌ನ ಯಾನೊಮಾಮಿ ಬುಡಕಟ್ಟಿನವರಲ್ಲಿ ವಯಸ್ಸಿನೊಂದಿಗೆ ರಕ್ತದೊತ್ತಡ ಏರುತ್ತಿರಲಿಲ್ಲ! ಆದರೆ ಅವರ ಕಾಡಿನ ಬದುಕು ಉಳಿದವರ ಬದುಕಿನಿಂದ ಎಲ್ಲ ರೀತಿಯಲ್ಲೂ ಬೇರೆ. ಹಾಗಾಗಿ ವಾದ ಮುಗಿಯಲಿಲ್ಲ.

ಹಿರಿಯರಲ್ಲಿ ಹೆಚ್ಚು, ಏಕೆ?

ಇಲ್ಲಿ ಸ್ವಲ್ಪ ಭೌತಶಾಸ್ತ್ರ ನೆರವಾಗುತ್ತದೆ. ಹೊಸ ರಬ್ಬರ್ ಕೊಳವೆಗೆ ನೀರನ್ನು ಮಿಡಿತ ಮಿಡಿತವಾಗಿ ತಳ್ಳಿದರೆ ಅದು ಹಿಗ್ಗಿ ಒತ್ತಡದ ಏರಿಕೆಯನ್ನು ತಗ್ಗಿಸುತ್ತದೆ. ಹಳೆಯದಾಗಿ ಗಡುಸಾದ ಕೊಳವೆ ಹಿಗ್ಗುವುದಿಲ್ಲ. ಅಷ್ಟೇ ನೀರಿಗೆ ಒತ್ತಡ ಹೆಚ್ಚು ಏರುತ್ತದೆ. ವಯಸ್ಸಾದಂತೆ ಮಹಾಧಮನಿಯೂ ಹೀಗೆ ಗಡುಸಾಗುತ್ತದೆ. ಜೊತೆಗೆ, ಹೆಚ್ಚಿನ ಸೋಡಿಯಂ ಅನ್ನು ಹೊರಹಾಕುವ ಮೂತ್ರಪಿಂಡದ ಸಾಮರ್ಥ್ಯ ಕುಗ್ಗುತ್ತದೆ. ಉಳಿದ ಸೋಡಿಯಂ ನೀರನ್ನು ಹಿಡಿದಿಡುತ್ತದೆ, ರಕ್ತದ ಗಾತ್ರ ಹೆಚ್ಚುತ್ತದೆ. ಆದ್ದರಿಂದ ಉಪ್ಪಿನ ಪರಿಣಾಮ ಹಿರಿಯರಲ್ಲಿ ಎದ್ದು ಕಾಣಬೇಕು.

ಒಂದೇ ಚರ

ಇದನ್ನು ನೇರವಾಗಿ ಪರೀಕ್ಷಿಸಿದ್ದು 1997ರಲ್ಲಿ ಪ್ರಕಟವಾದ ಲಂಡನ್ನಿನ ಪ್ರಯೋಗ. 60ರಿಂದ 78 ವರ್ಷದ 47 ಜನರು ಕಡಿಮೆ ಉಪ್ಪಿನ ಊಟ ಮಾಡಿದರು. ಅದರ ಮೇಲೆ ಒಂದು ತಿಂಗಳು ಸೋಡಿಯಂ ಮಾತ್ರೆ, ಒಂದು ತಿಂಗಳು ಅದರಂತೆಯೇ ಕಾಣುವ ಹುಸಿಮಾತ್ರೆ. ಯಾವುದು ಯಾವಾಗ ಎಂಬುದು ಸೇವಿಸಿದವರಿಗೂ ಅಳೆದವರಿಗೂ ತಿಳಿಯದಂತೆ ಏರ್ಪಾಡು ಮಾಡಲಾಗಿತ್ತು. ಊಟ ಅದೇ, ಜನ ಅವರೇ. ಬದಲಾದದ್ದು ಸೋಡಿಯಂ ಮಾತ್ರ. ಉಪ್ಪು ದಿನಕ್ಕೆ ಸುಮಾರು 10 ಗ್ರಾಂನಿಂದ 5 ಗ್ರಾಂಗೆ ಇಳಿದಾಗ ಸಂಕೋಚನ ಒತ್ತಡ ಸರಾಸರಿ 7.2, ವ್ಯಾಕೋಚನ ಒತ್ತಡ 3.2 ಮಿ.ಮೀ. ಇಳಿಯಿತು.

ಮರುವರ್ಷವೇ ಅಮೆರಿಕದ ‘ಟೋನ್’ ಪ್ರಯೋಗದ ವರದಿ ಬಂತು. 60ರಿಂದ 80 ವರ್ಷದ 975 ಜನರ ರಕ್ತದೊತ್ತಡ ಔಷಧದಿಂದ ಹತೋಟಿಯಲ್ಲಿತ್ತು. ಸುಮಾರು ಮೂರು ತಿಂಗಳ ನಂತರ ವೈದ್ಯರ ನಿಗಾದಲ್ಲಿ ಔಷಧ ನಿಲ್ಲಿಸುವ ಪ್ರಯತ್ನ ನಡೆಯಿತು. ಉಪ್ಪು ತಗ್ಗಿಸಿದವರಲ್ಲಿ ಒತ್ತಡ ಮತ್ತೆ ಏರುವ, ಔಷಧಕ್ಕೆ ಮರಳುವ ಅಥವಾ ಹೃದಯ-ರಕ್ತನಾಳದ ತೊಂದರೆಯಾಗುವ ಸಂಭವ ಸುಮಾರು ಶೇಕಡ 30ರಷ್ಟು ಕಡಿಮೆಯಿತ್ತು.

ಎರಡು ಬೇರೆ ಪ್ರಶ್ನೆಗಳು

ಒತ್ತಡ ಇಳಿದರೆ ಸಾಕೆ, ಪಾರ್ಶ್ವವಾಯು ತಪ್ಪುತ್ತದೆಯೆ? ಚೀನಾದ 600 ಹಳ್ಳಿಗಳ 20,995 ಜನರಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಇದಕ್ಕೆ ಉತ್ತರ ನೀಡಿತು. ಅವರೆಲ್ಲ ಹಿಂದೆ ಪಾರ್ಶ್ವವಾಯುವಾದವರು ಅಥವಾ ಅಧಿಕ ರಕ್ತದೊತ್ತಡವಿದ್ದ 60 ದಾಟಿದವರು. ಅರ್ಧದಷ್ಟು ಹಳ್ಳಿಗಳಿಗೆ ಶೇಕಡ 75 ಸೋಡಿಯಂ ಕ್ಲೋರೈಡ್ ಮತ್ತು ಶೇಕಡ 25 ಪೊಟ್ಯಾಸಿಯಂ ಕ್ಲೋರೈಡ್ ಇದ್ದ ಬದಲಿ ಉಪ್ಪು ಕೊಡಲಾಯಿತು. ಸುಮಾರು ಐದು ವರ್ಷಗಳಲ್ಲಿ ಅಲ್ಲಿ ಪಾರ್ಶ್ವವಾಯು ಶೇಕಡ 14ರಷ್ಟು ಕಡಿಮೆಯಾಯಿತು.

ಇಲ್ಲಿ ಮತ್ತೆ ಎರಡು ಚರಗಳು ಒಟ್ಟಿಗೆ ಬದಲಾದವು: ಸೋಡಿಯಂ ಇಳಿಯಿತು, ಪೊಟ್ಯಾಸಿಯಂ ಏರಿತು. ಅದು ದೋಷವಲ್ಲ. ‘ಕಾರಣ ಯಾವುದು?’ ಎಂಬುದು ಒಂದು ಪ್ರಶ್ನೆ, ‘ಜನರಿಗೆ ಉಪಯೋಗವೆ?’ ಎಂಬುದು ಇನ್ನೊಂದು. ಮೊದಲನೆಯದಕ್ಕೆ 47 ಜನ ಸಾಕಾದರು. ಎರಡನೆಯದಕ್ಕೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬೇಕಾದರು. ಈ ವ್ಯತ್ಯಾಸ ವಿದ್ಯಾರ್ಥಿಗಳಿಗೆ ಮನದಟ್ಟಾಗಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕೂ ಕಡಿಮೆ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಈ ಲೆಕ್ಕಕ್ಕೆ ಸೇರಬೇಕು. ಆದರೆ ಮೂತ್ರಪಿಂಡದ ರೋಗವಿರುವವರಿಗೆ ಪೊಟ್ಯಾಸಿಯಂ ಬೆರೆತ ಉಪ್ಪು ಅಪಾಯಕಾರಿಯಾಗಬಹುದು. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವ ಹಿರಿಯರಲ್ಲಿ ಸೋಡಿಯಂ ತೀರಾ ಇಳಿಯುವುದೂ ಉಂಟು. ಮನೆಯ ಹಿರಿಯರ ಊಟದಿಂದ ಉಪ್ಪನ್ನು ಒಮ್ಮೆಲೇ ತೆಗೆದುಹಾಕುವುದಾಗಲಿ, ಔಷಧವನ್ನು ತಾವಾಗಿಯೇ ನಿಲ್ಲಿಸುವುದಾಗಲಿ ಸರಿಯಲ್ಲ. ಟೋನ್ ಪ್ರಯೋಗದಲ್ಲಿ ಮಾತ್ರೆ ನಿಂತದ್ದು ವೈದ್ಯರ ಎದುರಿನಲ್ಲಿ, ಮತ್ತೆ ಮತ್ತೆ ಒತ್ತಡ ಅಳೆಯುತ್ತಲೇ ಎಂಬುದನ್ನು ಮರೆಯಬಾರದು.