ಉಂಡ ಅನ್ನ ಕಸುವಾಗುವ ಬಗೆ

ಉಂಡ ಅನ್ನ ಮೈಗೆ ಕಸುವು ಕೊಡುತ್ತದೆಂದು ತಿಳಿಯಲು ವಿಜ್ಞಾನ ಬೇಕಿಲ್ಲ. ಆದರೆ ಅದು ಹೇಗೆಂಬ ಬಗ್ಗೆ ನಮ್ಮ ರಸಾಯನಶಾಸ್ತ್ರದ ಹಿರಿಯರು ಬಹುಕಾಲ ಜಗಳವಾಡಿದರು. ಆ ಕಥೆಯನ್ನು ನಾವಿಲ್ಲಿ ಹೇಳಬಯಸುತ್ತೇವೆ.

ಜೀವಕೋಶದ ಕೆಲಸಗಳಿಗೆ ಒದಗುವ ಶಕ್ತಿಯ ಚಿಲ್ಲರೆ ಹಣವೆಂದರೆ ಎ.ಟಿ.ಪಿ. ಎಂಬ ಅಣು. ಇದನ್ನು 1929ರಲ್ಲಿ ಜರ್ಮನಿಯ ಕಾರ್ಲ್ ಲೋಹ್ಮನ್ ಕಂಡುಹಿಡಿದರು. ಅದೇ ವರ್ಷ ಹಾರ್ವರ್ಡಿನಲ್ಲಿ ಸೈರಸ್ ಫಿಸ್ಕ್ ಮತ್ತು ನಮ್ಮ ನೆರೆಯ ತೆಲುಗು ನಾಡಿನ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಕಂಡುಹಿಡಿದರು. ಆಹಾರದ ಅಂಶ ಹಂತಹಂತವಾಗಿ ಉರಿದು ಹೋಗುವ ಚಕ್ರವನ್ನು 1937ರಲ್ಲಿ ಹಾನ್ಸ್ ಕ್ರೆಬ್ಸ್ ಗುರುತಿಸಿದರು. ಆದರೆ ಆ ಉರಿಯ ಶಕ್ತಿ ಎ.ಟಿ.ಪಿ.ಯನ್ನು ಸೇರುವ ದಾರಿ ಯಾವುದು?

ನಡುವೆ ಒಂದು ರಾಸಾಯನಿಕ ವಸ್ತು ಇರಬೇಕೆಂದು 1953ರಲ್ಲಿ ಸ್ಲೇಟರ್ ಸೂಚಿಸಿದರು. ಎಷ್ಟು ಹುಡುಕಿದರೂ ಅದು ಸಿಗಲಿಲ್ಲ. ಅಂಥ ವಸ್ತು ಬೇಕಾಗಿಯೇ ಇಲ್ಲವೆಂದು 1961ರಲ್ಲಿ ಎಡಿನ್‌ಬರೋದ ಪೀಟರ್ ಮಿಚೆಲ್ ವಾದಿಸಿದರು. ಕೋಶದೊಳಗಿನ ಮೈಟೊಕಾಂಡ್ರಿಯಕ್ಕೆ ತೆಳುವಾದ ಒಳಪೊರೆಯಿದೆ. ಆಹಾರ ಉರಿದಾಗ ಬರುವ ಶಕ್ತಿ ಪ್ರೋಟಾನುಗಳನ್ನು ಈ ಪೊರೆಯಾಚೆಗೆ ತಳ್ಳುತ್ತದೆ. ಅಣೆಕಟ್ಟಿನ ನೀರು ಧುಮುಕಿ ಚಕ್ರ ತಿರುಗಿಸುವಂತೆ, ಅವು ಹಿಂದಕ್ಕೆ ನುಗ್ಗುವಾಗ ಎ.ಟಿ.ಪಿ. ತಯಾರಾಗುತ್ತದೆ.

ನಂಬಿದವರು ಕೆಲವರೇ. ಹೊಟ್ಟೆಹುಣ್ಣಿನಿಂದ ಬಳಲಿದ ಮಿಚೆಲ್ 1963ರಲ್ಲಿ ವಿಶ್ವವಿದ್ಯಾನಿಲಯ ಬಿಟ್ಟರು. ಕಾರ್ನ್‌ವಾಲ್‌ನಲ್ಲಿ ಗ್ಲಿನ್ ಹೌಸ್ ಎಂಬ ಶಿಥಿಲವಾದ ಹಳೆಯ ಬಂಗಲೆಯನ್ನು ರಿಪೇರಿ ಮಾಡಿಸಿ, ಜೆನಿಫರ್ ಮೊಯ್ಲ್ ಅವರೊಡನೆ ಅಲ್ಲೇ ಪ್ರಯೋಗ ಮುಂದುವರಿಸಿದರು. 1966ರಲ್ಲಿ ತಮ್ಮ ವಾದವನ್ನು ಪುಸ್ತಕವಾಗಿ ತಾವೇ ಹೊರತಂದರು.

ಗಿಡಗಳೂ ಇದೇ ಉಪಾಯದಿಂದ ಬೆಳಕಿನಲ್ಲಿ ಎ.ಟಿ.ಪಿ. ತಯಾರಿಸುತ್ತವೆಂಬುದು ಮಿಚೆಲ್ ವಾದ. ಅದೇ 1966ರಲ್ಲಿ ಅಮೆರಿಕದ ಜಾಗೆನ್‌ಡಾರ್ಫ್ ಮತ್ತು ಉರಿಬೆ ಪಾಲಕ್ ಎಲೆಯ ಹಸಿರು ಕಣಗಳನ್ನು ಆಮ್ಲದಲ್ಲಿ ನೆನೆಸಿ, ಕತ್ತಲೆಯಲ್ಲೇ ಕ್ಷಾರಕ್ಕೆ ಹಾಕಿದರು. ಬೆಳಕಿಲ್ಲದೆಯೇ ಎ.ಟಿ.ಪಿ. ಹುಟ್ಟಿತು! ಪೊರೆಯ ಎರಡು ಬದಿಗಳ ವ್ಯತ್ಯಾಸವೇ ಸಾಕಾಗಿತ್ತು.

ಆದರೂ ವಾದ ಒಮ್ಮೆಗೇ ಮುಗಿಯಲಿಲ್ಲ. 1977ರಲ್ಲಿ ಸ್ಲೇಟರ್, ಮಿಚೆಲ್ ಸೇರಿದಂತೆ ಆರು ಮಂದಿ ಒಂದೇ ಲೇಖನದಲ್ಲಿ ತಂತಮ್ಮ ಮಾತು ಬರೆದರು. 1978ರಲ್ಲಿ ಮಿಚೆಲ್ ಅವರಿಗೆ ನೊಬೆಲ್ ಬಂತು. ಆ ಪ್ರೋಟಾನುಗಳು ನಿಜವಾಗಿಯೂ ಒಂದು ಪುಟ್ಟ ಚಕ್ರವನ್ನೇ ತಿರುಗಿಸುತ್ತವೆಂಬುದು ಆಮೇಲೆ ತಿಳಿಯಿತು. ಅದರ ಕೆಲಸ ಬಿಡಿಸಿ ತೋರಿಸಿದ ಬಾಯರ್ ಮತ್ತು ವಾಕರ್ 1997ರಲ್ಲಿ ನೊಬೆಲ್ ಹಂಚಿಕೊಂಡರು.

ಮೈಯಲ್ಲಿ ಒಂದು ಹೊತ್ತಿಗೆ ಇರುವ ಎ.ಟಿ.ಪಿ. ಬಹಳ ಕಡಿಮೆ. ಆದರೆ ಬಳಸಿದ್ದನ್ನೇ ಮತ್ತೆಮತ್ತೆ ಕಟ್ಟಿಕೊಂಡು, ದಿನಕ್ಕೆ ಹೆಚ್ಚುಕಡಿಮೆ ನಮ್ಮ ತೂಕದಷ್ಟನ್ನು ನಾವೆಲ್ಲರೂ ತಯಾರಿಸುತ್ತೇವೆ. ನಾವು ಉಣ್ಣುವ ಸಾರು ಅನ್ನ ಕೊನೆಗೆ ಆ ಚಕ್ರವನ್ನೇ ತಿರುಗಿಸುತ್ತದೆ.