ಬೊಕ್ಕಸದ ಕೋಲುಗಳೂ ಡಿಕನ್ಸನ ಕಾದಂಬರಿಯೂ

ಸರ್ಕಾರಗಳು ತಮ್ಮ ಕಾರ್ಯಸಾಧನಗಳನ್ನು ಹೇಗೆ ಹಿಡಿದುವು, ಹೇಗೆ ಬಿಟ್ಟುವು ಎಂಬುದನ್ನು ತಿಳಿಯಬಯಸುವವರು ಶಾಸನಗಳನ್ನೂ ಆಯೋಗಗಳ ವರದಿಗಳನ್ನೂ ಓದುವುದು ವಾಡಿಕೆ. ಇಂಗ್ಲೆಂಡಿನ ಬೊಕ್ಕಸದ ಮಟ್ಟಿಗಂತೂ ಅವುಗಳೊಡನೆ ಚಾರ್ಲ್ಸ್ ಡಿಕನ್ಸನ ‘ಲಿಟ್ಲ್ ಡಾರಿಟ್’ ಕಾದಂಬರಿಯನ್ನೂ ಓದದಿದ್ದರೆ ಚರಿತ್ರೆಯ ಅರ್ಧಾಂಶವೇ ಅಜ್ಞಾತವಾಗಿ ಉಳಿದೀತು.

12ನೆಯ ಶತಮಾನದಿಂದ ಆ ಬೊಕ್ಕಸದ ಲೆಕ್ಕಕ್ಕೆ ಆಧಾರವಾಗಿದ್ದುದು ಟ್ಯಾಲಿ ಎಂಬ ಮರದ ಕೋಲು. ಸಲ್ಲಿಸಿದ ಹಣಕ್ಕೆ ಅನುಗುಣವಾಗಿ ಅದರ ಮೇಲೆ ಕಚ್ಚುಗಳನ್ನು ಕೆತ್ತಿ—1,000 ಪೌಂಡಿಗೆ ಅಂಗೈಯ ದಪ್ಪ, 100ಕ್ಕೆ ಹೆಬ್ಬೆರಳಿನ ಅಗಲ, 20ಕ್ಕೆ ಕಿರುಬೆರಳಿನಷ್ಟು, ಒಂದಕ್ಕೆ ಉಬ್ಬಿದ ಬಾರ್ಲಿಯ ಕಾಳಿನಷ್ಟು—ತರುವಾಯ ಉದ್ದಕ್ಕೆ ಸೀಳಿ, ಒಂದು ಹೋಳನ್ನು ತೆತ್ತವನಿಗಿತ್ತು ಮತ್ತೊಂದನ್ನು ಬೊಕ್ಕಸದಲ್ಲಿ ಇರಿಸುತ್ತಿದ್ದರು. ಅಕ್ಷರವರಿಯದವನೂ ಓದಬಲ್ಲ, ಒಂದು ಕಚ್ಚನ್ನು ಕೂಡಿಸಿದರೂ ಜೊತೆಯ ಹೋಳು ಮೋಸವನ್ನು ಬಯಲುಮಾಡಬಲ್ಲ ಆ ಸಾಧನವು ತನ್ನ ಕಾಲಕ್ಕೆ ಉತ್ತಮವಾದುದೇ ಸರಿ.

ಕಾಗದದ ಲೆಕ್ಕವು ರೂಢಿಯಾದ ಮೇಲೂ ಅದು ತೊಲಗದೆ ಉಳಿದುದು ಮಾತ್ರ ವಿಪರ್ಯಾಸ. 1782ರಲ್ಲಿ ಪಾರ್ಲಿಮೆಂಟು ಅದನ್ನು ರದ್ದುಗೊಳಿಸಿತಾದರೂ, ಹಳೆಯ ಹುದ್ದೆದಾರರ ಆಜೀವ ಹಕ್ಕಿಗೆ ಚ್ಯುತಿ ಬಾರದಿರಲೆಂದು 1826ರವರೆಗೂ ಆ ಪದ್ಧತಿಯು ಮುಂದುವರಿಯಿತು. ನಿರುಪಯುಕ್ತವಾದ ಕೋಲುಗಳನ್ನು 1834ರ ಅಕ್ಟೋಬರ್ 16ರಂದು ಲಾರ್ಡ್ಸ್ ಸಭೆಯ ಕೆಳಗಿನ ಒಲೆಗಳಲ್ಲಿ ಸುಡುತ್ತಿರಲು, ಆ ಬೆಂಕಿಯು ಹಬ್ಬಿ ಪಾರ್ಲಿಮೆಂಟಿನ ಎರಡು ಸಭಾಗೃಹಗಳನ್ನೂ ಆಹುತಿ ತೆಗೆದುಕೊಂಡಿತು.

ಕ್ರಿಮಿಯಾ ಯುದ್ಧದಲ್ಲಿ ಆಡಳಿತದ ಅದಕ್ಷತೆಯಿಂದ ಸೈನಿಕರು ನರಳಿದ ಸುದ್ದಿಗೆ ಜನರು ಕುದಿಯುತ್ತಿದ್ದ 1855ರ ಜೂನ್ ತಿಂಗಳಲ್ಲಿ, ಡಿಕನ್ಸನು ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಈ ಪ್ರಸಂಗವನ್ನು ಹೇಳಿ, ಸವೆದುಹೋದ ಪದ್ಧತಿಗೆ ಅಂಟಿಕೊಂಡ ಹಟದ ಫಲವಿದೆಂದು ಸಭಿಕರನ್ನು ನಗಿಸಿದನು. ಆ ವರ್ಷದ ಡಿಸೆಂಬರಿನಿಂದ 1857ರವರೆಗೆ ಮಾಸಿಕ ಕಂತುಗಳಲ್ಲಿ ಹೊರಬಂದ ‘ಲಿಟ್ಲ್ ಡಾರಿಟ್’ನಲ್ಲಿ ಆ ನಗೆಯು ಕಟುವಾಯಿತು. ನೌಕಾದಳದ ವೇತನ ಕಚೇರಿಯ ಗುಮಾಸ್ತೆಯ ಮಗನಾಗಿ, ಆ ತಂದೆಯು 1824ರಲ್ಲಿ ಸಾಲಕ್ಕಾಗಿ ಮಾರ್ಷಲ್‌ಸೀ ಸೆರೆಮನೆಗೆ ಹೋದುದನ್ನು ಕಂಡಿದ್ದವನು ಅದೇ ಸೆರೆಮನೆಯನ್ನು ಕಥೆಯ ನೆಲೆಯಾಗಿಸಿ, ಅದರೆದುರಿಗೆ ಬಾರ್ನಕಲ್ ವಂಶಸ್ಥರು ತುಂಬಿಕೊಂಡಿರುವ ಸರ್ಕಮ್‌ಲೊಕ್ಯೂಷನ್ ಆಫೀಸೆಂಬ ಸರ್ಕಾರಿ ಕಚೇರಿಯನ್ನು ನಿಲ್ಲಿಸಿದನು. ದೇಶಕ್ಕೆ ಉಪಯುಕ್ತವಾದ ಯಂತ್ರವನ್ನು ಕಲ್ಪಿಸಿದ ಡೇನಿಯಲ್ ಡಾಯ್ಸನು ಅಲ್ಲಿ ವರ್ಷಗಟ್ಟಲೆ ಅಪರಾಧಿಯಂತೆ ಅಲೆದು, ಕಡೆಗೆ ಪರದೇಶದಲ್ಲಿ ಸನ್ಮಾನ ಪಡೆಯುತ್ತಾನೆ.

ನೌಕರರನ್ನು ಪರೀಕ್ಷೆಯ ಮೂಲಕ ಆರಿಸಬೇಕೆಂದ 1854ರ ನಾರ್ತ್‌ಕೋಟ್–ಟ್ರೆವೆಲಿಯನ್ ವರದಿಯು ರೋಗಕ್ಕೆ ಔಷಧವನ್ನು ಸೂಚಿಸಿತು. ಅಂಚೆ ಇಲಾಖೆಯ ಅಧಿಕಾರಿಯಾಗಿದ್ದು, 1852ರಲ್ಲಿ ಜರ್ಸಿ ದ್ವೀಪದ ಬೀದಿಗಳಿಗೆ ಅಂಚೆಪೆಟ್ಟಿಗೆಗಳನ್ನು ತರಿಸಿದ ಆಂಥೊನಿ ಟ್ರಾಲಪನು ‘ದಿ ತ್ರೀ ಕ್ಲರ್ಕ್ಸ್’ ಕಾದಂಬರಿಯಲ್ಲಿ ಆ ಔಷಧವನ್ನೇ ಪರಿಹಾಸಕ್ಕೆ ಗುರಿಮಾಡಿದನು. ಆ ವರದಿಯನ್ನೂ ಈ ಎರಡು ಕಾದಂಬರಿಗಳನ್ನೂ ಓದಿದವನಿಗೆ, ದೋಷವಿದ್ದುದು ಕೋಲಿನಲ್ಲಲ್ಲ, ಅದರಿಂದ ಬದುಕುತ್ತಿದ್ದ ಹುದ್ದೆಗಳಲ್ಲಿ ಎಂಬುದು ಮನವರಿಕೆಯಾಗದಿರದು. ಹೊಸ ಯಂತ್ರವನ್ನು ಕಚೇರಿಗೆ ತರುವವರು ಇಡೀ ಗ್ರಂಥಕ್ಕೆ ವ್ಯವಧಾನವಿಲ್ಲದಿದ್ದರೂ ‘ಲಿಟ್ಲ್ ಡಾರಿಟ್’ನ ಮೊದಲ ಭಾಗದ 10ನೆಯ ಅಧ್ಯಾಯವನ್ನಾದರೂ ಓದತಕ್ಕದ್ದು.